ತಂಗಿಯ ಸೀಸೆ

ನನ್ನ ತಂಗಿ ಒಮ್ಮೆ ನನ್ನನ್ನು ನೇರವಾಗಿ ಒಂದು ಮಾತು ಕೇಳಿದಳು. ನಾನು ಸುಳ್ಳು ಹೇಳಿದೆ. ತಾನು ಬೆಂಗಳೂರಿಗೆ ಹೋಗಿದ್ದ ವಾರ ತನ್ನ ಪ್ರಯೋಗದ ಸೀಸೆ ನಮ್ಮ ಮನೆಯ ಫ್ರಿಜ್ಜಿನಲ್ಲೇ ಇತ್ತೇ ಎಂದು ಅವಳು ಕೇಳಿದ್ದಳು. ಇತ್ತು ಎಂದೆ. ಇರಲಿಲ್ಲ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತ ವರ್ಷಗಳನ್ನೇ ಕಳೆದುಬಿಟ್ಟೆ. ಅಷ್ಟರಲ್ಲಿ ಅವಳು ಆಸೆಯಿಂದ ಕಲಿತ ಕೆಲಸ ಅವಳ ಕೈಬಿಟ್ಟು ಹೋಗಿತ್ತು.

ನಾನು ಏಳನೆಯ ಇಯತ್ತೆಯವರೆಗೆ ಸಾಲಿಗೆ ಹೋದವಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಬಂದೆ, ಮತ್ತೆ ಹೋಗಲಿಲ್ಲ. ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ತಂಗಿ ಕಾಲೇಜಿನಲ್ಲಿದ್ದಾಗ ತೀರಿಕೊಂಡರು. ಹುಬ್ಬಳ್ಳಿಯ ಆ ಮನೆಯಲ್ಲಿ ಅವ್ವ, ನಾನು, ತಂಗಿ, ಮೂವರೇ ಉಳಿದೆವು. ನಾನು ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದೆ. ತಂಗಿ ದಿನಾ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ತೊಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ.

ಅವಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಅವ್ವ, "ರಕ್ತದ್ದು ಏನೋ ನೋಡ್ತಾಳ್ರಿ" ಎಂದು ಮಾತು ಮುಗಿಸುತ್ತಿದ್ದಳು. ಸಂಜೆ ಅವಳು ಮನೆಗೆ ಬಂದ ಕೂಡಲೇ ಅವ್ವನದು ಒಂದೇ ರಾಗ: "ಊರ ಮಂದಿ ರಕ್ತಾ ಮುಟ್ಟಿ ಬರ್ತಿ. ಮೊದ್ಲ ಜಳಕಾ ಮಾಡು, ಆಮ್ಯಾಲ ಒಲಿ ಹಂತ್ಯಾಕ ಬಾ."

"ಕೈಗೆ ರಬ್ಬರ್ ಚೀಲಾ ಹಾಕ್ಕೊಂಡಿರ್ತೇನವ್ವಾ."

"ಚೀಲಾ ಕೈಗೆ ಹಾಕ್ಕೋತಿ. ಕಣ್ಣಿಗೆ ಹಾಕ್ಕೋತಿಯೇನ? ನೋಡೂದು ಅದನ್ನ ಅಲ್ಲ?"

ತಂಗಿ ನಕ್ಕು ಬಚ್ಚಲಿಗೆ ಹೋಗುತ್ತಿದ್ದಳು. ಜಳಕ ಮುಗಿಸಿ ಬಂದು, ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಳು. ಅರ್ಥವಾಗುವವರೆಗೆ ಬಿಡುತ್ತಿರಲಿಲ್ಲ. ರಕ್ತದಲ್ಲಿ ಬಿಳಿ ಕಣಗಳಿರುತ್ತವೆ, ಅವು ಮೈಯನ್ನು ರೋಗದಿಂದ ಕಾಯುತ್ತವೆ. ಎಲ್ಲ ಬಿಳಿ ಕಣಗಳೂ ನೋಡಲು ಒಂದೇ ಥರ, ಆದರೆ ಒಳಗೆ ಬೇರೆ ಬೇರೆ ಜಾತಿ. ಪ್ರತಿ ಜಾತಿಯ ಕಣದ ಮೈಮೇಲೆ ಅದರದೇ ಆದ ಪ್ರೋಟೀನು ಇರುತ್ತದೆ. ತಂಗಿ ಹುಡುಕುತ್ತಿದ್ದ ಪ್ರೋಟೀನಿಗೆ ಸಿಡಿ ನಾಲ್ಕು ಎಂದು ಹೆಸರು. ಆಗ ಬಂದ ದೊಡ್ಡ ರೋಗ ಏಡ್ಸಿನಲ್ಲಿ ಆ ಪ್ರೋಟೀನಿರುವ ಕಣಗಳೇ ಕಡಿಮೆಯಾಗುತ್ತ ಹೋಗುತ್ತಿದ್ದವು.

"ಸಿಡಿ ಅಂದ್ರ ಹಾಡ ಹಚ್ಚೂದಲ್ಲೇನ?" ಎಂದು ಅವ್ವ ದೇವರ ಕೋಣೆಯಿಂದಲೇ ಕೇಳಿದ್ದಳು.

"ಅದು ಬ್ಯಾರೆ, ಇದು ಬ್ಯಾರೆ. ನೀ ಪೂಜಾ ಮಾಡು."

ಅಷ್ಟು ಕಣಗಳ ನಡುವೆ ಬೇಕಾದವನ್ನೇ ಹೇಗೆ ಹುಡುಕುತ್ತಿ ಎಂದು ನಾನು ಕೇಳಿದೆ. ಅದಕ್ಕೆ ಆಂಟಿಬಾಡಿ ಬೇಕು ಎಂದಳು. ಕನ್ನಡದಲ್ಲಿ ಪ್ರತಿಕಾಯ ಎನ್ನುತ್ತಾರಂತೆ. ಒಂದು ಹನಿ ಹಾಕಿದರೆ ಅದು ಬೇರೆ ಯಾವುದನ್ನೂ ಮುಟ್ಟದೆ ಆ ಒಂದು ಪ್ರೋಟೀನಿಗೆ ಮಾತ್ರ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಒಂದು ಬಣ್ಣ ಕಟ್ಟಿರುತ್ತಾರೆ. ಕತ್ತಲ ಕೋಣೆಯ ಯಂತ್ರದಲ್ಲಿ ಕಣ್ಣಿಟ್ಟು ನೋಡಿದರೆ ಆ ಕಣಗಳಷ್ಟೇ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. "ದುರ್ಗದಬೈಲಿನ ಪ್ಯಾಟಿ ಗದ್ದಲದಾಗ ನಿನ್ನ ಒಬ್ಬಾಕಿನ್ನ ಹುಡುಕಿ ಹೆಗಲ ಮ್ಯಾಲ ಕೈ ಇಟ್ಟಂಗ, ಅಕ್ಕಾ" ಎಂದಳು. ಆ ಮಾತು ನನಗೆ ಬಹಳ ಹಿಡಿಸಿತ್ತು.

ಆ ವರ್ಷ ಶ್ರಾವಣದಲ್ಲಿ ಹೊಸ ಸೀಸೆ ಬಂತು. ಪರದೇಶದಿಂದ ತರಿಸಿದ್ದು, ತಿಂಗಳುಗಟ್ಟಲೆ ಕಾದದ್ದು. ಅವಳ ಸಂಶೋಧನೆಯ ಉಳಿದ ಭಾಗವೆಲ್ಲ ಆ ಒಂದು ಸೀಸೆಯ ಮೇಲೆ ನಿಂತಿತ್ತು. ಅದು ಮುಗಿದರೆ ಇನ್ನೊಂದನ್ನು ತರಿಸಲು ಅವಳ ಮಾರ್ಗದರ್ಶಕ ಸರ್ ಕೈಯಲ್ಲಿ ಅನುದಾನವಿರಲಿಲ್ಲ. ಅದೇ ವಾರ ಧಾರವಾಡದ ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ರಿಪೇರಿಗೆ ಹೋಗಿತ್ತು. ತಂಗಿ ಹುಬ್ಬಳ್ಳಿಯ ಕೊರಿಯರ್ ಆಫೀಸಿನಿಂದಲೇ ಥರ್ಮೋಕೋಲ್ ಪೆಟ್ಟಿಗೆಯನ್ನು ಬಗಲಲ್ಲಿ ಹಿಡಿದುಕೊಂಡು ಮನೆಗೆ ತಂದಳು. ಒಳಗೆ ಬೆಳ್ಳಿ ಹಾಳೆಯಲ್ಲಿ ಸುತ್ತಿದ, ನನ್ನ ಕಿರುಬೆರಳಿನಷ್ಟು ಸೀಸೆ. ಹಾಳೆ ಬಿಚ್ಚಿ ಒಂದು ಕ್ಷಣ ತೋರಿಸಿದಳು. ತಳದಲ್ಲಿ ತೆಳು ಗುಲಾಬಿ ಬಣ್ಣದ ನೀರು ಸ್ವಲ್ಪವೇ ಸ್ವಲ್ಪ.

"ಇಷ್ಟಕ್ಕ ಇಷ್ಟ ದೊಡ್ಡ ಪೆಟಿಗಿ?" ಎಂದೆ.

"ಇಷ್ಟರಾಗ ನನ್ನ ಒಂದ ವರ್ಷದ ಕೆಲಸ ಐತಿ ಅಕ್ಕಾ. ನಾ ನಾಳಿ ಬೆಂಗಳೂರಿಗೆ ಹೋಗಿ ಯಂತ್ರದ ಕೆಲಸ ಕಲತ ಬರ್ತೇನಿ. ಬರೂಮಟ ನೀನ ನೋಡ್ಕೋ. ಕೆಳಗ, ಹಾಲಿನ ಬಾಜೂಕ ಇಡ್ತೇನಿ. ಮ್ಯಾಲಿನ ಬರ್ಫಿನ ಖಾನೇದಾಗ ಮಾತ್ರ ಇಡಬ್ಯಾಡ."

ನಮ್ಮದು ಹಳೆಯ ಫ್ರಿಜ್ಜು. ಕರೆಂಟು ಹೋದಾಗಲೆಲ್ಲ ಬರ್ಫಿನ ಖಾನೆಯಿಂದ ನೀರು ಸೋರುತ್ತಿತ್ತು. ಹಾಳೆ ತೊಯ್ದೀತು ಎಂದು ಹಾಗೆ ಹೇಳಿದಳೆಂದು ನಾನು ತಿಳಿದೆ. ಯಾಕೆಂದು ಕೇಳಲಿಲ್ಲ. ಕೇಳಿದ್ದು ಬೇರೆಯದನ್ನು. ಇದನ್ನು ಯಾತರಿಂದ ಮಾಡುತ್ತಾರೆ ಎಂದು ಕೇಳಿದೆ.

"ಇಲಿಯಿಂದ" ಎಂದಳು. ನನ್ನ ಮುಖ ನೋಡಿ ಕೂಡಲೇ ದನಿ ತಗ್ಗಿಸಿದಳು. "ಇಲಿ ಇಲ್ಲ ಇದರಾಗ. ಇಲಿ ಜೀವಕಣ ಬೆಳಸಿ, ಅದರಿಂದ ತಗದ ಪ್ರೋಟೀನು. ಅವ್ವಗ ಹೇಳಬ್ಯಾಡ ಮತ್ತ, ಫ್ರಿಜ್ಜ ತೊಗೊಂಡ ಹೋಗಿ ಓಣ್ಯಾಗ ಒಗೀತಾಳ."

ಇಬ್ಬರೂ ನಕ್ಕೆವು. ಮರುದಿನ ಶನಿವಾರ ಅವಳು ಹೋದಳು.

ಸೋಮವಾರ ನಮ್ಮ ಮನೆಯಲ್ಲಿ ಪಾದಪೂಜೆಯಿತ್ತು. ಶ್ರಾವಣ ಸೋಮವಾರ ಮಠದ ಅಯ್ಯನವರು ಮನೆಗೆ ಬಂದು, ಪಾದಪೂಜೆ ಮಾಡಿಸಿಕೊಂಡು, ಲಿಂಗಪೂಜೆ ಮುಗಿಸಿ, ಪ್ರಸಾದ ತೆಗೆದುಕೊಂಡು ಹೋಗುವುದು ಅಪ್ಪನ ಕಾಲದಿಂದ ನಡೆದು ಬಂದದ್ದು. ಅಪ್ಪ ಹೋದ ಮೇಲೆ ಅದು ನಿಂತಿತ್ತು. ಗಂಡನನ್ನು ಬಿಟ್ಟು ಬಂದ ಮಗಳಿರುವ ಮನೆ ಎಂದು ಕೆಲವರು ಆಡಿಕೊಂಡದ್ದೂ ಅವ್ವನ ಕಿವಿಗೆ ಬಿದ್ದಿತ್ತು. ಹಾಗಾಗಿ ಆ ವರ್ಷ ಅಯ್ಯನವರು ಬರಲು ಒಪ್ಪಿದಾಗ ಅವ್ವ ಎರಡೆರಡು ಸಲ ಮನೆ ಸಾರಿಸಿದಳು. ಪಾತ್ರೆಗಳನ್ನೆಲ್ಲ ಹುಣಸೆಹುಳಿ ಹಚ್ಚಿ ತಿಕ್ಕಿದೆವು. ರವಿವಾರ ಸಂಜೆ ಪೂಜೆಯ ಹಾಲನ್ನೂ ಹೂರಣದ ಡಬ್ಬಿಯನ್ನೂ ಫ್ರಿಜ್ಜಿನಲ್ಲಿ ಇಡಲು ಬಾಗಿಲು ತೆಗೆದೆ. ಹಾಲಿನ ಪಾತ್ರೆ ಇಡುವ ಜಾಗದಲ್ಲೇ ಬೆಳ್ಳಿ ಹಾಳೆಯ ಸೀಸೆ ಇತ್ತು.

ಇಲಿ ಎಂದದ್ದು ತಲೆಯಿಂದ ಹೋಗಲಿಲ್ಲ. ಈ ಹಾಲು ನಾಳೆ ಅಯ್ಯನವರ ಎಡೆಗೆ ಬರುತ್ತದೆ. ಅವ್ವನಿಗೆ ಗೊತ್ತಿಲ್ಲ, ಅಯ್ಯನವರಿಗೆ ಗೊತ್ತಾಗುವುದಿಲ್ಲ. ನನಗೆ ಮಾತ್ರ ಗೊತ್ತು. ನನ್ನಿಂದಲೇ ಮನೆಗೆ ಒಂದು ಮಾತು ಬಂದಿತ್ತು, ಇದೂ ಒಂದು ನನ್ನ ತಲೆಯ ಮೇಲೆ ಯಾಕೆ ಎನಿಸಿತು. ಹಾಲನ್ನು ಬೇರೆ ಕಡೆ ಇಡಬಹುದಿತ್ತು. ಶ್ರಾವಣದ ತಂಪಿನಲ್ಲಿ ಕಾಸಿದ ಹಾಲು ಹೊರಗಿದ್ದರೂ ಕೆಡುತ್ತಿರಲಿಲ್ಲ. ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಸೀಸೆಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಓಣಿಯ ಮೂಲೆಯ ಅಂಗಡಿಗೆ ಹೋದೆ. ತಂಪು ಸೋಡಾ, ಐಸ್‌ಕ್ರೀಮು ಮಾರುವ ಅಂಗಡಿ. ಅಂಗಡಿಯವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

"ಏನವಾ ಇದು, ಔಷಧೇನ?"

"ಹೂಂ ಕಾಕಾ, ತಂಗೀದು. ನಾಳಿ ಸಂಜೀಮಟ ತಂಪನ್ಯಾಗ ಇಟ್ಕೋರಿ. ಮನ್ಯಾಗ ಪಾದಪೂಜಾ ಐತಿ, ಫ್ರಿಜ್ಜಿನ್ಯಾಗ ಜಾಗಾ ಇಲ್ಲ."

"ಸೋಡಾದ ಫ್ರಿಜ್ಜ ದಿನಾಪೂರ್ತಿ ಮಂದಿ ತಗೀತಾರ, ಹಾಕ್ತಾರ. ಐಸ್‌ಕ್ರೀಮಿನ ಪೆಟಿಗ್ಯಾಗ ಇಡ್ಲೇನ?"

ಅವರು ಕೇಳಿಯೇ ಇಟ್ಟರು. ತಪ್ಪು ಅವರದಲ್ಲ. "ಅಲ್ಲೇ ಇಡ್ರಿ ಕಾಕಾ, ಅಲ್ಲಿ ತಂಪ ಛಲೋ ಇರತೈತಿ" ಎಂದವಳು ನಾನು. ತಂಪು ಹೆಚ್ಚಿದ್ದಷ್ಟು ಒಳ್ಳೆಯದೆಂದು ನಾನು ಖರೇ ನಂಬಿದ್ದೆ. ಕಾಕಾ ಪೆಟ್ಟಿಗೆಯ ಮುಚ್ಚಳ ಎತ್ತಿ, ಕುಲ್ಫಿಗಳ ಮಗ್ಗುಲಿಗೆ ಸೀಸೆ ಇಟ್ಟರು. ಬಿಳಿ ಹೊಗೆಯಂಥದು ಮೇಲೆದ್ದಿತು.

ಪಾದಪೂಜೆ ಸಾಂಗವಾಯಿತು. ಅಯ್ಯನವರು ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಛಲೋ ಆಗ್ಲಿ ತಾಯಿ" ಎಂದರು. ಅವ್ವ ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಂಡಳು. ನಾನು ಎಷ್ಟೋ ದಿನಗಳ ಮೇಲೆ ಹಗುರಾಗಿದ್ದೆ.

ಸಂಜೆ ಸೀಸೆ ತರಲು ಹೋದೆ. ಬೆಳ್ಳಿ ಹಾಳೆಯ ಮೇಲೆ ಹಿಮ ಕೂತಿತ್ತು. ಮನೆಯ ಹಿತ್ತಲಲ್ಲಿ ಹಾಳೆ ಬಿಚ್ಚಿ ನೋಡಿದರೆ ಒಳಗಿನ ನೀರು ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಬೋರಲು ಮಾಡಿದರೂ ಕದಲಲಿಲ್ಲ. ಅಷ್ಟರಲ್ಲೇ ಏನೋ ತಪ್ಪಾಯಿತೆಂದು ತಿಳಿಯಿತು. ಮುಷ್ಟಿಯಲ್ಲಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಕರಗಿ ಮತ್ತೆ ಗುಲಾಬಿ ನೀರಾಯಿತು. ಮೊದಲಿನ ಹಾಗೇ ಕಂಡಿತು. ಹಾಳೆ ಸುತ್ತಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ತಂಗಿ ಬಂದಳು, ಸೀಸೆ ತೆಗೆದುಕೊಂಡು ಧಾರವಾಡಕ್ಕೆ ಹೋದಳು. ಒಂದು ವಾರ ಕಳೆಯಿತು. ಆಮೇಲೆ ಊಟ ಕಡಿಮೆ ಮಾಡಿದಳು. ಕಣಗಳು ಹೊಳೆಯುತ್ತಿಲ್ಲ ಎಂದಳು. ಹಳೆಯ ಸೀಸೆ ಇದ್ದಾಗ ಹೊಳೆಯುತ್ತಿದ್ದವು, ಅದು ಮುಗಿದಿದೆ, ಹೊಸದು ಹಾಕಿದರೆ ಕತ್ತಲು. ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಅಕ್ಕಾ, ಬರ್ಫ ಆದ್ರ ಅದರ ಬಣ್ಣ ಸಾಯತೈತಿ. ಹಂಗ ಆಗೇತೇನ ಅಂತ ಸರ್ ಕೇಳಾಕತ್ತಾರ. ನಾ ಬೆಂಗಳೂರಾಗ ಇದ್ದಾಗ ಸೀಸೆ ಕೆಳಗ ಹಾಲಿನ ಬಾಜೂಕ ಇತ್ತಲ್ಲ?"

ನಾನು ಹಿಟ್ಟಿನಿಂದ ಕಣ್ಣೆತ್ತಲಿಲ್ಲ. "ಅಲ್ಲೇ ಇತ್ತು" ಎಂದೆ.

"ಯಾರೂ ಎತ್ತಿ ಮ್ಯಾಲ ಇಟ್ಟಿಲ್ಲಲ್ಲ? ಅವ್ವ?"

"ಇಲ್ಲ."

"ಹಂಗಾರ ಆತು ಬಿಡು" ಎಂದು ಹೋದಳು. ನನ್ನ ಮಾತನ್ನೇ ಸರ್‌ಗೆ ಹೇಳಿದಳು: ನಮ್ಮಕ್ಕ ನೋಡಿಕೊಂಡಿದ್ದಾಳೆ, ಬರ್ಫ ಆಗಿಲ್ಲ. ಸರ್ ಕಂಪನಿಗೆ ಬರೆದು ಕೇಳಿದರು. ಅದೇ ತಯಾರಿಕೆಯ ಬೇರೆ ಸೀಸೆಗಳು ಎಲ್ಲ ಕಡೆ ಸರಿಯಾಗಿ ಕೆಲಸ ಮಾಡುತ್ತಿವೆ ಎಂದು ಉತ್ತರ ಬಂತು. ಸೀಸೆ ಸರಿಯಿದೆ, ಇಟ್ಟದ್ದು ಸರಿಯಿದೆ ಎಂದ ಮೇಲೆ ಉಳಿದದ್ದು ತಂಗಿಯ ಕೈ.

ಅವಳೂ ಹಾಗೇ ನಂಬಿದಳು. ತೊಳೆಯುವಾಗ ತಪ್ಪುತ್ತಿದ್ದೇನೆ, ಹೊತ್ತು ತಪ್ಪುತ್ತಿದ್ದೇನೆ, ಬೆಳಕು ತಾಗಿಸುತ್ತಿದ್ದೇನೆ ಎಂದು ದಿನಕ್ಕೊಂದು ಕಾರಣ ಹುಡುಕುತ್ತಿದ್ದಳು. ಮತ್ತೆ ಮತ್ತೆ ಮಾಡಿ ನೋಡಲು ತನ್ನದೇ ರಕ್ತ ತೆಗೆಸಿಕೊಂಡಳು. ಮೊಳಕೈಯ ಒಳಮಗ್ಗುಲು ನೀಲಿಗಟ್ಟಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಒಂದು ದಿನ, "ನಿನ್ನ ರಕ್ತ ಕೊಡ್ತಿಯೇನ ಅಕ್ಕಾ, ನಂದರಾಗ ಏನರ ದೋಷ ಇದ್ದೀತು" ಎಂದಳು. ಅವಳ ಜೊತೆ ಧಾರವಾಡಕ್ಕೆ ಹೋಗಿ ಕೈ ಚಾಚಿದೆ. ನೋವಾಗದ ಹಾಗೆ, ಎಷ್ಟು ಹಗುರವಾಗಿ ಸೂಜಿ ಹಾಕಿದಳು! ಏನೂ ಹೊಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಕತ್ತಲ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅವಳು ಹೊರಗೆ ಬರುವವರೆಗೆ ಕಾದೆ. ಬಂದು ಕೈ ತೊಳೆದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ.

ಯಾಕೆ ಹೇಳಲಿಲ್ಲ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ. ಅವ್ವನಿಗೆ ಗೊತ್ತಾದರೆ, ಪಾದಪೂಜೆಯ ಹಾಲಿಟ್ಟ ಫ್ರಿಜ್ಜಿನಲ್ಲಿ ಇಲಿಯದೇನೋ ಇತ್ತೆಂದು ಎದೆ ಒಡೆದುಕೊಳ್ಳುತ್ತಾಳೆ ಎಂದು ನೆಪ ಹೇಳಿಕೊಂಡೆ. ಅವ್ವ ತೀರಿಕೊಂಡ ಮೇಲೂ ಹೇಳಲಿಲ್ಲ, ಅಂದ ಮೇಲೆ ಅದು ಬರೀ ನೆಪ. ಬರೆಯಲು ನಾಚಿಕೆಯಾಗುವ ಮಾತೊಂದಿದೆ. ಮರುವರ್ಷ ತಂಗಿ ಸಂಶೋಧನೆ ಬಿಟ್ಟು ಮನೆಯಲ್ಲಿ ಕೂತಾಗ ನನಗೆ ಹಿತವಾಗಿತ್ತು. ನಾನು ರೊಟ್ಟಿ ಬಡಿಯುವುದು, ಅವಳು ಬೇಯಿಸುವುದು. ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯಲ್ಲಿ ಅಡ್ಡಾಗುವುದು. ಇಡೀ ದಿನ ಒಬ್ಬಳೇ ಇರುತ್ತಿದ್ದವಳಿಗೆ ಜೊತೆ ಸಿಕ್ಕಿತ್ತು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಅವಳ ಜಡೆ ನೇವರಿಸುತ್ತಿದ್ದೆ. ಅಳುತ್ತಿದ್ದಾಳೆಂದು ಗೊತ್ತಿದ್ದೂ ಹೇಳಲಿಲ್ಲ.

ಆಮೇಲೆ ಗಬ್ಬೂರಿನ ಕಡೆ ಒಂದು ಸಾಲಿಯಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದಳು. ಅಲ್ಲೂ ಪ್ರಯೋಗ ಮಾಡಿ ತೋರಿಸುವುದನ್ನು ಬೇರೆ ಶಿಕ್ಷಕರಿಗೆ ಬಿಡುತ್ತಿದ್ದಳಂತೆ. ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ರಕ್ತ ತೆಗೆಯಲು ಓಣಿಯ ಕಂಪೌಂಡರನನ್ನು ಕರೆಸುತ್ತಿದ್ದಳು.

"ಮನ್ಯಾಗ ಕಲತಾಕಿ ಇದ್ದು ಹೊರಗಿನವನ್ನ ಯಾಕ ಕರೀತಿ?" ಎಂದು ಅವ್ವ ಬೈದರೆ, "ನನ್ನ ಕೈಗುಣ ಛಲೋ ಇಲ್ಲವ್ವಾ" ಎನ್ನುತ್ತಿದ್ದಳು. ಆ ಮಾತನ್ನು ಎಷ್ಟು ವರ್ಷ ಕೇಳಿದೆನೋ. ಪ್ರತಿ ಸಲ ನಾನು ಏನೋ ಕೆಲಸ ನೆಪ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಗಳ ಮೇಲಿನ ಮಾತು. ಅವ್ವ ಇಲ್ಲವಾಗಿದ್ದಳು. ತಂಗಿಯ ಹಳೆಯ ಸರ್ ಒಂದು ದಿನ ಫೋನು ಮಾಡಿದರು. ರೋಗಿಗಳ ರಕ್ತದಲ್ಲಿ ಅದೇ ಸಿಡಿ ನಾಲ್ಕರ ಕಣಗಳನ್ನು ಎಣಿಸುವ ಹೊಸ ಪ್ರಯೋಗಾಲಯ ಶುರುವಾಗುತ್ತಿದೆ, ಅದು ತಿಳಿದವರು ಈ ಕಡೆ ಸಿಗುವುದು ಕಷ್ಟ, ನೀನು ಬಾ ಎಂದು. ತಂಗಿ ನಿಂತುಕೊಂಡೇ ಮಾತಾಡಿದಳು.

"ಬ್ಯಾಡ್ರಿ ಸರ್. ಅವಾಗರ ನನ್ನ ಕೆಲಸ ಅಷ್ಟ ಕೆಡ್ತು. ಈಗ ಪೇಶೆಂಟ್ ಮಂದಿ ಜೀವದ ಪ್ರಶ್ನೆ. ನನ್ನ ಕೈಮ್ಯಾಲ ನನಗ ನಂಬಿಕಿ ಇಲ್ರಿ." ಆ ಕಡೆಯಿಂದ ಏನೋ ಹೇಳಿದರು. "ಹಂಗಲ್ರಿ, ನಾನ ಬಂದು ಹೇಳಿ ಹೋಗ್ತೇನ್ರಿ" ಎಂದು ಫೋನು ಇಟ್ಟಳು.

ಗುರುಗಳಿಗೆ ಫೋನಿನಲ್ಲಿ ಒಲ್ಲೆ ಎನ್ನುವುದು ಮರ್ಯಾದೆಯಲ್ಲ ಎಂದು ಮರುದಿನ ಧಾರವಾಡಕ್ಕೆ ಹೊರಟಳು. ನಾನೂ ಬರುತ್ತೇನೆ ಎಂದೆ. ಯಾಕೆ ಎಂದಳು. ಸುಮ್ಮನೆ ಎಂದೆ. ಬಸ್ಸು ತುಂಬಿತ್ತು. ಇಬ್ಬರಿಗೂ ಕೂರಲು ಜಾಗವಿರಲಿಲ್ಲ, ಮೇಲಿನ ಸರಳು ಹಿಡಿದು ನಿಂತೆವು. ಬಸ್ಸು ಉಣಕಲ್ಲು ದಾಟಿತು. ಅವಳು ಧಾರವಾಡದಲ್ಲಿ ಇಳಿದು ಒಲ್ಲೆ ಎಂದು ಹೇಳಿಬಿಟ್ಟರೆ ಇನ್ನು ನಾನು ಹೇಳಿಯೂ ಉಪಯೋಗವಿಲ್ಲ.

"ಸೀಸೆ ಬರ್ಫ ಆಗಿತ್ತು" ಎಂದೆ.

"ಏನಂದಿ? ಕೇಳಸವಲ್ತು."

"ನಿನ್ನ ಆ ಸೀಸೆ. ಬರ್ಫ ಆಗಿತ್ತು."

"ಅಕ್ಕಾ, ಗದ್ಲ ಭಾಳ ಐತಿ. ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಪಾದಪೂಜೆಯ ಹಿಂದಿನ ದಿನ ಕಾಕಾನ ಐಸ್‌ಕ್ರೀಮು ಪೆಟ್ಟಿಗೆಯಲ್ಲಿ ನಾನೇ ಇಡಿಸಿದೆ, ಮರುದಿನ ಸಂಜೆ ತಂದೆ, ಮುಷ್ಟಿಯಲ್ಲಿ ಕರಗಿಸಿದೆ. ಮುಂದೆ ಕೂತಿದ್ದ ಹೆಂಗಸು ಹೊರಳಿ ನನ್ನ ಮುಖ ನೋಡಿದಳು. ತಂಗಿಯ ಮುಖದಲ್ಲಿ ಮೊದಲು ಸಿಟ್ಟು ಬರಲಿಲ್ಲ. ಪರೀಕ್ಷೆ ಮಾಡುವವರ ಹಾಗೆ ಹುಬ್ಬು ಕೂಡಿಸಿ ಕೇಳಿದಳು.

"ಪೂರಾ ಗಟ್ಟಿ ಆಗಿತ್ತೇನ?"

"ಪೂರಾ. ಬ್ವಾರಲ ಮಾಡಿದ್ರೂ ಬೀಳ್ಲಿಲ್ಲ."

"ಒಂದ ದಿನಾಪೂರ್ತಿ?"

"ಹೂಂ."

"ಟಿಕೆಟ್ ಯಾರ್ರಿ, ಟಿಕೆಟ್" ಎನ್ನುತ್ತ ಕಂಡಕ್ಟರು ನಮ್ಮಿಬ್ಬರ ನಡುವೆ ತೂರಿಕೊಂಡು ಹೋದ. ಅವನು ಹೋಗುವವರೆಗೆ ತಂಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ದನಿ ಸಣ್ಣದಾಗಿತ್ತು, ಆದರೂ ನನಗೆ ಒಂದೊಂದು ಮಾತೂ ಕೇಳಿಸಿತು.

"ನಾ ನಿನ್ನ ರಕ್ತಾ ತಗೊಂಡೆ ಅಲ್ಲ? ಅವತ್ತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

"ನಾ ನನ್ನ ಕೈ ಕೆಟ್ಟದ್ದು ಅಂದಾಗೆಲ್ಲಾ?"

"ಗೊತ್ತಿತ್ತು."

ಅವಳು ಸರಳಿನಿಂದ ಕೈ ತೆಗೆದು ನನ್ನಿಂದ ಒಂದು ಹೆಜ್ಜೆ ದೂರ ಸರಿದಳು. ಬಸ್ಸು ಎಲ್ಲೋ ನಿಂತಿತು, ಕೆಲವರು ಇಳಿದರು. ನಮ್ಮ ನಡುವೆ ಜಾಗವಾಯಿತು. ಅವಳು ಆ ಜಾಗ ದಾಟಿ ಬರಲಿಲ್ಲ. ಬಸ್ಸು ಮತ್ತೆ ಹೊರಟಿತು. ಆ ದೂರದಿಂದ ಅವಳಿಗೆ ಕೇಳಬೇಕೆಂದರೆ ಕೂಗಿಯೇ ಹೇಳಬೇಕಿತ್ತು. ಬಸ್ಸಿನವರೆಲ್ಲ ನೋಡಲಿ ಎಂದುಕೊಂಡು ಕೂಗಿಯೇ ಹೇಳಿದೆ.

"ತಪ್ಪ ಮಾಡೇನಿ ತಂಗೀ. ನೀ ಕೇಳಿದಾಗ ಸುಳ್ಳ ಹೇಳಿದೆ, ನೀ ಅಳೂದ ನೋಡ್ಕೋತ ಸುಮ್ಮನ ಕುಂತೆ. ನಿನ್ನ ಕೈಯಾಗ ಒಂದ ದೋಷಾನೂ ಇರಲಿಲ್ಲ. ಕ್ಷಮಾ ಮಾಡು."